ಬಚ್ಚಲಿನಿಂದ ಬಾಳೆಹಣ್ಣಿನವರೆಗೆ

ನಮ್ಮ ಬಚ್ಚಲ ಗೋಡೆಯ ಮೇಲೆ ಬೆಳಗಿನ ಹೊತ್ತು ಐದಾರು ಬೂದು ಹುಳಗಳು ಕೂತಿರುತ್ತವೆ. ಎರಡು ಎಳ್ಳು ಜೋಡಿಸಿಟ್ಟಷ್ಟು ಗಾತ್ರ. ಬೆರಳು ಚಾಚಿದರೆ ಮನಸ್ಸಿಲ್ಲದ ಮನಸ್ಸಿನಿಂದ ಗೇಣುದ್ದ ಹಾರಿ ಮತ್ತೆ ಅಂಟಿಕೊಳ್ಳುತ್ತವೆ. ಯಾವುದೋ ಪುಟ್ಟ ಪತಂಗ ಇರಬೇಕು ಅಂತಲೇ ನಾನು ಬಹಳ ವರ್ಷ ತಿಳಿದಿದ್ದೆ. ಒಂದು ದಿನ, ಔಷಧಿ ಬಾಟಲಿಯ ಸಣ್ಣಕ್ಷರ ಓದಲೆಂದು ತಂದಿದ್ದ ಭೂತಗನ್ನಡಿಯನ್ನು ಗೋಡೆಗೆ ಹಿಡಿದೆ.

ಎರಡು ರೆಕ್ಕೆ ಸೇರಿ ಒಂದು ಅರಳಿ ಎಲೆ. ಎಲೆಯ ಮೇಲೆಲ್ಲ ಮಖಮಲ್ಲಿನಂಥ ಒತ್ತು ಕೂದಲು, ಅಂಚಿಗೆ ಝಾಲರಿ, ರೆಕ್ಕೆಯ ನರಗಳು ಮುಗಿಯುವ ಕಡೆ ಸೀರೆಯ ಸೆರಗಿಗೆ ಇಟ್ಟಂತೆ ಒಂದೊಂದು ಬಿಳಿ ಚುಕ್ಕಿ. ಮೀಸೆಗಳೆರಡೂ ಮಣಿ ಪೋಣಿಸಿದ ದಾರ. ಆದರೆ ರೆಕ್ಕೆ ಎರಡೇ. ಪತಂಗಕ್ಕಾದರೆ ನಾಲ್ಕಿರಬೇಕಿತ್ತು. ಅಂದರೆ ಇದು ನೊಣದ ಕುಲ.

"ನೋಡಿದ್ದು ಸಾಕು, ಒಂದು ಚೊಂಬು ನೀರು ಸುರೀರಿ" ಅಂದಳು ಹೆಂಡತಿ. ಸುರಿದೆ. ನೀರು ಇಳಿದು ಹೋಯಿತು, ಹುಳವೂ ಇಳಿದು ಹೋಯಿತು. ಅರೆಗಳಿಗೆಯಲ್ಲಿ ಜಾಲರಿ ಮುಚ್ಚಳದ ತೂತಿನಿಂದ ಎದ್ದು ಬಂತು, ಒಣಗಿದ ಮೈಯಲ್ಲಿ. ಆ ಮಖಮಲ್ಲು ನೀರನ್ನು ಮೈಗೆ ಸೋಕಗೊಡುವುದಿಲ್ಲ. ಅದರ ಮರಿಹುಳ ಕೊಳವೆಯ ಒಳಗೋಡೆಗೆ ಹತ್ತಿದ ಲೋಳೆಯನ್ನೇ ತಿಂದು, ಬಾಲದ ತುದಿಯ ನಳಿಕೆಯಿಂದ ಉಸಿರಾಡುತ್ತಾ ಬೆಳೆಯುತ್ತದೆ. ಸೋಪಿನ ನೀರಿನಲ್ಲಿ ಹುಟ್ಟಿ ಇಷ್ಟು ಶುಭ್ರವಾಗಿ ಎದ್ದು ಬರುವುದು ನನಗಂತೂ ಸೋಜಿಗ.

ಕನ್ನಡ ನೊಣದ ವಿಷಯದಲ್ಲಿ ತುಂಬ ಉದಾರಿ. ಜೇನನ್ನೂ ನೊಣ ಎನ್ನುತ್ತೇವೆ. ಅದಕ್ಕೆ ರೆಕ್ಕೆ ನಾಲ್ಕು. ಸೊಳ್ಳೆಯನ್ನು ನೊಣವೆನ್ನಲು ಯಾರೂ ಒಪ್ಪುವುದಿಲ್ಲ; ಅದು ಖಾಸಾ ನೊಣದ ದಾಯಾದಿ. ಎರಡೇ ರೆಕ್ಕೆಯ ಈ ವಂಶದಲ್ಲಿ ಇದುವರೆಗೆ ಹೆಸರಿಟ್ಟ ಪ್ರಭೇದಗಳೇ ಒಂದೂವರೆ ಲಕ್ಷ ದಾಟುತ್ತವೆ.

ಹಿಂದಿನ ಎರಡು ರೆಕ್ಕೆ ಎಲ್ಲಿ ಹೋದವು? ಮಳೆಗಾಲದಲ್ಲಿ ದೀಪಕ್ಕೆ ಬಂದು ಗೋಡೆಗೆ ತೂಗಿಕೊಳ್ಳುವ ಒಂದು ನೀಳಗಾಲಿನ ಹುಳವಿದೆ. ದೈತ್ಯ ಸೊಳ್ಳೆಯಂತೆ ಕಾಣುತ್ತದೆ, ಕಚ್ಚುವುದಿಲ್ಲ. ಅದರ ರೆಕ್ಕೆಯ ಬುಡದ ಹಿಂದೆ ನೋಡಿ: ಗುಂಡುಸೂಜಿಯನ್ನು ನೂರು ಪಾಲು ಕಿರಿದು ಮಾಡಿ ಆಚೆಗೊಂದು ಈಚೆಗೊಂದು ಚುಚ್ಚಿಟ್ಟಂತೆ ಸಣ್ಣ ದಂಟು, ತುದಿಗೆ ಒಂದು ಗುಂಡು. ಹಾಲ್ಟೇರ್ ಎನ್ನುತ್ತಾರೆ. ಅದೇ ಹಿಂದಿನ ರೆಕ್ಕೆ. ಗಾಳಿ ಹೊಡೆಯುವ ಕೆಲಸ ಬಿಟ್ಟು ಈಗ ದಿಕ್ಕು ಹೇಳುವ ಕೆಲಸಕ್ಕೆ ನಿಂತಿದೆ. ರೆಕ್ಕೆ ಮೇಲೆದ್ದಾಗ ಇದು ಕೆಳಗೆ, ರೆಕ್ಕೆ ಇಳಿದಾಗ ಇದು ಮೇಲೆ. ಮನೆನೊಣದಲ್ಲಿ ಈ ಲೆಕ್ಕ ಸೆಕೆಂಡಿಗೆ ಸುಮಾರು 200 ಸಲ. ಹಾರುತ್ತಿರುವ ಮೈ ಹೊರಳಿದರೂ ಬೀಸುತ್ತಿರುವ ಗುಂಡು ತನ್ನ ಹಳೆಯ ಜಾಡಿನಲ್ಲೇ ಹೋಗಲು ನೋಡುತ್ತದೆ. ದಂಟಿನ ಬುಡ ತಿರುಚುತ್ತದೆ. ಅಲ್ಲಿ ಸಾಲುಸಾಲಾಗಿ ಕೂತ ಸೂಕ್ಷ್ಮ ಸಂವೇದಿಗಳು ರೆಕ್ಕೆಯ ಸ್ನಾಯುಗಳಿಗೂ ಕುತ್ತಿಗೆಗೂ ಆ ಕ್ಷಣವೇ ಸುದ್ದಿ ಮುಟ್ಟಿಸುತ್ತವೆ. ನೀವು ಬೀಸಿದ ಪೇಪರು ಮೇಜಿಗೆ ಬಡಿಯುವಷ್ಟರಲ್ಲಿ ನೊಣ ಕಿಟಕಿಯಲ್ಲಿರುವುದರ ಗುಟ್ಟಿನಲ್ಲಿ ಅರ್ಧ ಇಲ್ಲಿದೆ. 18ನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಪಾದ್ರಿ ವಿಲಿಯಂ ಡೆರಮ್ ಈ ಗುಂಡನ್ನು ಕಿತ್ತು ನೋಡಿದ್ದರು: ನೊಣದ ಹಾರಾಟ ಹದ ತಪ್ಪಿತು.

ಹಳೆಯ ರೆಕ್ಕೆಯ ನೆನಪು ಅದರೊಳಗೆ ಇನ್ನೂ ಆರಿಲ್ಲ. ಕ್ಯಾಲಿಫೋರ್ನಿಯಾದ ವಿಜ್ಞಾನಿ ಎಡ್ವರ್ಡ್ ಲೂಯಿಸ್ ಹಣ್ಣಿನ ನೊಣದ ಕೆಲವು ವಂಶವಾಹಿ ದೋಷಗಳನ್ನು ಒಂದೇ ನೊಣದಲ್ಲಿ ಕೂಡಿಸಿದಾಗ ಹಾಲ್ಟೇರ್ ಇರಬೇಕಾದ ಜಾಗದಲ್ಲಿ ಪೂರ್ತಿ ರೆಕ್ಕೆಯೇ ಮೂಡಿತು. ನಾಲ್ಕು ರೆಕ್ಕೆಯ ನೊಣ! ಆ ಬಗೆಯ ಕೆಲಸಕ್ಕೆ 1995ರಲ್ಲಿ ಅವರಿಗೆ ನೊಬೆಲ್ ಪಾಲು ಬಂತು. ಚಿತ್ರದಲ್ಲಿ ಆ ನೊಣವನ್ನು ನೋಡಿದಾಗಲೆಲ್ಲ ನನಗೆ ಅದು ಅಜ್ಜನ ಹಳೇ ಕೋಟು ಹಾಕಿಸಿಕೊಂಡು ಫೋಟೋಗೆ ನಿಂತ ಮೊಮ್ಮಗನಂತೆ ಕಾಣುತ್ತದೆ.

2011ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಬ್ರಯನ್ ವೀಗ್ಮನ್ ಮತ್ತು ಸಂಗಡಿಗರು ನೊಣಗಳ ವಂಶವೃಕ್ಷ ಬರೆದರು. ಈ ವಂಶ ಒಂದೇ ಹದದಲ್ಲಿ ಬೆಳೆದಿಲ್ಲ, ಮೂರು ಸಲ ಭರ್ರನೆ ಕವಲೊಡೆದಿದೆ ಎಂಬುದು ಅವರ ಲೆಕ್ಕ: ಸುಮಾರು 22 ಕೋಟಿ ವರ್ಷದ ಹಿಂದೆ, 18 ಕೋಟಿ ವರ್ಷದ ಹಿಂದೆ, ಕೊನೆಗೆ ಆರೂವರೆ ಕೋಟಿ ವರ್ಷದ ಹಿಂದೆ. ಆ ತಂಡದಲ್ಲಿದ್ದ ಮಿಶೆಲ್ ಟ್ರೌಟ್‌ವೈನ್, ಮ್ಯಾಟ್ ಬರ್ಟೋನ್ ಇಬ್ಬರೂ ಆಮೇಲೆ ಕೈಹಾಕಿದ ಕೆಲಸ ನನಗೆ ಇನ್ನೂ ಇಷ್ಟ. ಕಾಡು ಬಿಟ್ಟು ಮನೆಗಳಿಗೆ ನುಗ್ಗಿದರು. 2012ರಲ್ಲಿ ರಾಲಿ ಊರಿನ ಸುತ್ತಮುತ್ತಲ 50 ಮನೆಗಳಲ್ಲಿ ಮಂಚದಡಿ, ಬೀರುವಿನ ಹಿಂದೆ, ಕಿಟಕಿಯ ಸಂದಿಯಲ್ಲಿ ಮೊಣಕಾಲೂರಿ ಸತ್ತದ್ದು ಬದುಕಿದ್ದು ಎಲ್ಲ ಹೆಕ್ಕಿದರು. 554 ಕೋಣೆಗಳಲ್ಲಿ ಸಂಧಿಪದಿ, ಅಂದರೆ ಹುಳ, ಜೇಡಗಳಂಥ ಗೆಣ್ಣುಗಾಲಿನ ಜೀವಿ, ಒಂದೂ ಸಿಗದ ಕೋಣೆಗಳು ಬರೀ ಐದು. ಒಟ್ಟು 579 ಬಗೆ; ಮನೆಯೊಂದಕ್ಕೆ ಸರಾಸರಿ 93. ಎಲ್ಲಕ್ಕಿಂತ ಹೆಚ್ಚು ವೈವಿಧ್ಯ ನೊಣದ ಕುಲದ್ದೇ. ನಾವು ಹೆದರುವ ಸಣ್ಣ ಜಿರಳೆ ನೂರರಲ್ಲಿ ಆರು ಮನೆಗಳಲ್ಲಿ ಮಾತ್ರ ಸಿಕ್ಕಿತು, ತಿಗಣೆ ಸಿಗಲೇ ಇಲ್ಲ. ಜೇಡ, ಇರುವೆ, ಉಣ್ಣೆ ಕೂದಲು ಮೇಯುವ ಕಂಬಳಿ ಜೀರುಂಡೆ ಮತ್ತು ಗಿಡಗಳಲ್ಲಿ ಗಂಟು ಎಬ್ಬಿಸುವ ಒಂದು ನವಿರು ನೊಣ, ಈ ನಾಲ್ಕರ ಬಳಗ 50ಕ್ಕೆ 50 ಮನೆಯಲ್ಲೂ ಹಾಜರು. ನವಿರು ನೊಣಕ್ಕೆ ಮನೆಯೊಳಗೆ ಕೆಲಸವೇ ಇಲ್ಲ. ದಾರಿ ತಪ್ಪಿ ಬಂದು ಗಾಜಿಗೆ ಸೋತು ಕಿಟಕಿಕಟ್ಟೆಯಲ್ಲಿ ಒಣಗುತ್ತದೆ. ನಾವು ಗುಡಿಸುವ ಧೂಳಿನಲ್ಲಿ ಇಂಥ ಅತಿಥಿಗಳೇ ಹೆಚ್ಚು.

ನಮ್ಮನೆಯಲ್ಲಿ ಎಣಿಸಲು ಕೂತವರಿಲ್ಲ. ಆದರೂ ಪುಸ್ತಕದ ಹೇನು ಹಳೇ ಪುಟದ ಮೇಲೆ ಓಡಿದಾಗ ನನಗೀಗ ಸಿಟ್ಟು ಬರುವುದಿಲ್ಲ. ಅದು ಕಾಗದಕ್ಕಿಂತ ಕಾಗದ ಹಿಡಿದ ಬೂಸ್ಟು ಮೇಯಲು ಬಂದದ್ದು. ಗೋಡೆಯ ಮೇಲೆ ಸೌತೆಬೀಜದಂಥ ಚಪ್ಪಟೆ ಚೀಲ ಹೊತ್ತು ನಡೆಯುವ ಹುಳವನ್ನು ನೀವೂ ಕಂಡಿದ್ದೀರಿ. ಮರಳು, ಧೂಳು, ರೇಷ್ಮೆ ಸೇರಿಸಿ ಹೊಲಿದ ಆ ಚೀಲಕ್ಕೆ ಎರಡೂ ಕಡೆ ಬಾಗಿಲು. ಮುಟ್ಟಿ ನೋಡಿ, ಒಳಗೇ ತಿರುಗಿ ಇನ್ನೊಂದು ಕಡೆಯಿಂದ ತಲೆ ಹಾಕುತ್ತದೆ. ಅದೊಂದು ಪತಂಗದ ಮರಿ.

ನೊಣದ ವಂಶವೃಕ್ಷ ಹತ್ತಬೇಕಾದರೆ ಮನೆಯೊಳಗೆ ಓಡಾಡಿದರೆ ಸಾಕು. ಬಚ್ಚಲ ಅರಳಿ ಎಲೆ ಬುಡದ ಹಳೆಯ ಕವಲು. ಬಾಲ್ಕನಿಗೆ ಬನ್ನಿ: ಕಾಂಪೋಸ್ಟ್ ಡಬ್ಬದಲ್ಲಿ ತರಕಾರಿ ಸಿಪ್ಪೆಯನ್ನು ಬುಸುಬುಸು ಮಗುಚುವ ಕಂದು ಹುಳಗಳು ಮುಂದೆ ಕಣಜದ ವೇಷದ ಕಪ್ಪು ಸೈನಿಕ ನೊಣಗಳಾಗುತ್ತವೆ, ನಡುವಿನ ಕವಲು. ಅಡುಗೆಮನೆಯ ಬಾಳೆಹಣ್ಣಿನ ಮೇಲೆ ತೇಲುವ ಗುಂಗುರು ಎಂಬ ಹಣ್ಣಿನ ನೊಣ, ಬೆಲ್ಲದ ಡಬ್ಬದ ಮೇಲೆ ಕೈ ಹೊಸೆಯುವ ಮನೆನೊಣ ಎರಡೂ ತೀರಾ ಈಚಿನ ಕೊಂಬೆ. ಈಚಿನದೆಂದರೆ ಡೈನೊಸಾರುಗಳು ಅಳಿದ ಹೊತ್ತಿನದು.

ಈ ಈಚಿನವರ ಒಂದು ಕೌಶಲ ನೋಡಲೇಬೇಕು. ಕಳಿತ ಹಣ್ಣು ಹಾಕಿ ಮರೆತ ಒಂದು ಗಾಜಿನ ಬಾಟಲಿಯಲ್ಲಿ ನನಗದು ಸಿಕ್ಕಿತು. ಒಳಗೋಡೆಗೆ ಅರ್ಧ ಜೀರಿಗೆಯಷ್ಟು ಕಂದು ಗೂಡುಗಳು ಅಂಟಿದ್ದವು. ಮರಿಹುಳದ ಕೊನೆಯ ಚರ್ಮವೇ ಗಟ್ಟಿಯಾಗಿ ಗೂಡಾಗುತ್ತದೆ. ಒಳಗಿನ ನೊಣಕ್ಕೆ ಹಲ್ಲಿಲ್ಲ, ಉಗುರಿಂದ ಬಗೆಯಲು ಜಾಗವಿಲ್ಲ. ಅದು ಹಣೆಯಿಂದ ಒಂದು ಚೀಲ ಹೊರಗೆ ಊದುತ್ತದೆ! ಮೈಯ ದ್ರವವನ್ನೆಲ್ಲ ತಲೆಗೆ ಒತ್ತಿ, ಚೀಲ ಉಬ್ಬಿಸಿ, ಇಳಿಸಿ, ಮತ್ತೆ ಉಬ್ಬಿಸಿ, ಗೂಡಿನ ಮುಚ್ಚಳ ಎತ್ತುತ್ತದೆ. ಹೊರಬಂದ ಮರಿನೊಣ ಪೇಲವ, ರೆಕ್ಕೆ ಮುದುಡಿದ ಒದ್ದೆ ಕರವಸ್ತ್ರ. ಸ್ವಲ್ಪ ಹೊತ್ತಿಗೆ ಹಣೆಯ ಚೀಲ ಒಳಗೆ ಹೋಗಿ ಮತ್ತೆಂದೂ ಹೊರಬರುವುದಿಲ್ಲ. ಮೀಸೆಯ ಮೇಲೆ ಕಮಾನಿನಂಥ ಒಂದು ಗೀರು ಮಾತ್ರ ಸಾಯುವವರೆಗೆ ಉಳಿಯುತ್ತದೆ.

ಗುಂಗುರನ್ನು ಕೈಬೀಸಿ ಓಡಿಸುವ ನಮ್ಮ ನಾಡಿನಲ್ಲೇ ಅದನ್ನು ಉಪಚರಿಸಿ ಸಾಕುವವರೂ ಇದ್ದಾರೆ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರಾಸೊಫಿಲಾ, ಅಂದರೆ ಇದೇ ಹಣ್ಣಿನ ನೊಣದ ತಳಿಗಳ ಸಂಗ್ರಹ ಕೇಂದ್ರವೇ ಇದೆ. ಅಲ್ಲಿನ ನೊಣಗಳ ಊಟದ ಅಳತೆ ಕೇಳಿ: ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್, ಬೂಸ್ಟು ಬಾರದಂತೆ ಚೂರು ಆಮ್ಲ. ತುಪ್ಪ, ಏಲಕ್ಕಿ ಬಿದ್ದಿದ್ದರೆ ಸಜ್ಜಿಗೆಯೇ.

ನಿನ್ನೆ ಮಧ್ಯಾಹ್ನ ಪಚ್ಚಬಾಳೆಯ ಸಿಪ್ಪೆಯ ಮೇಲೆ ಒಂದು ಗಂಡು ಗುಂಗುರು ಹೆಣ್ಣಿನ ಹಿಂದೆ ಬಿದ್ದಿತ್ತು. ಅದು ಹಾಡುವುದು ಒಂದೇ ರೆಕ್ಕೆಯಲ್ಲಿ. ಹೆಣ್ಣಿರುವ ಕಡೆಯ ರೆಕ್ಕೆಯನ್ನು ಅಡ್ಡಕ್ಕೆ ಚಾಚಿ ಮಿಡಿಸುತ್ತದೆ. ಮಿಡಿತದ ನಡುವಿನ ಬಿಡುವು ಜಾತಿಜಾತಿಗೆ ಬೇರೆ, ತಾಳ ತಪ್ಪಿದವನಿಗೆ ಹೆಣ್ಣು ಸುಲಭಕ್ಕೆ ಒಲಿಯುವುದಿಲ್ಲ. ಅವಳು ಕೇಳಿಸಿಕೊಳ್ಳುವುದು ಮೀಸೆಯ ಗರಿಯಿಂದ. ನನ್ನ ಕಿವಿಗೆ ಏನೂ ಬೀಳಲಿಲ್ಲ. ಭೂತಗನ್ನಡಿಯೊಳಗೆ ರೆಕ್ಕೆ ಚಾಚುವುದು, ಮಡಿಸುವುದು, ಮತ್ತೆ ಚಾಚುವುದು ಮಾತ್ರ ಕಂಡಿತು. "ಆ ಸಿಪ್ಪೆ ಇನ್ನೂ ಎಸೆದಿಲ್ವಾ?" ಎಂದು ಒಳಗಿನಿಂದ ಕೇಳಿತು. ಎರಡನ್ನೂ ಅಲುಗಿಸದಂತೆ ಸಿಪ್ಪೆಯನ್ನು ಬಾಲ್ಕನಿಗೆ ಒಯ್ದೆ.