ಬಾಣಂತಿಗೆ ಕೂಲಿ ಎಲ್ಲಿ?

ಚುಂಚನಕಟ್ಟೆಯ ಕೋದಂಡರಾಮನ ಗುಡಿ ಬಗ್ಗೆ ನಮ್ಮ ಕಡೆ ಒಂದು ಮಾತಿದೆ. ಕಾವೇರಿ ಅಲ್ಲಿ ಬಂಡೆ ಮೇಲಿಂದ ಧುಮುಕುತ್ತಾಳೆ. ಆ ಭೋರ್ಗರೆತ ಸುತ್ತಲೆಲ್ಲ ಕೇಳುತ್ತದೆ, ಗುಡಿಯ ಅಂಗಳಕ್ಕೂ ಕೇಳುತ್ತದೆ, ಗರ್ಭಗುಡಿಯೊಳಕ್ಕೆ ಹೋದರೆ ಮಾತ್ರ ಕೇಳುವುದಿಲ್ಲ ಅಂತಾರೆ. ಭಕ್ತರಿಗೆ ಅದು ಮಹಿಮೆ. ತಾಯಿ-ಮಗುವಿನ ಹೆಸರಿನಲ್ಲಿ ಸರ್ಕಾರಗಳು ಹೊರಡಿಸಿರುವ ಯೋಜನೆಗಳನ್ನು ಒಂದರ ಪಕ್ಕ ಒಂದಿಟ್ಟುಕೊಂಡು ಓದುವಾಗ ನನಗೆ ಈ ಮಾತೇ ನೆನಪಾಯಿತು. ಗರ್ಭಿಣಿಯ ಹೆಸರಿನಲ್ಲಿ ಕಟ್ಟಿದ ಗುಡಿಗಳು ಇವು. ಹೊರಗೆ ಗದ್ದೆಯ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಿಂತ ಬಸುರಿಯ ಸದ್ದು ಮಾತ್ರ ಒಳಕ್ಕೆ ಹೋಗುವುದಿಲ್ಲ.

ನಾವು ಪದ್ಯ ವಿಮರ್ಶೆ ಮಾಡುತ್ತೇವೆ, ಕಾದಂಬರಿ ವಿಮರ್ಶೆ ಮಾಡುತ್ತೇವೆ. ಕೇರಿಯ ಬದುಕನ್ನು ದಿನಾ ತಿದ್ದುವ, ಕೆಡಿಸುವ ಭಾಷೆ ಸರ್ಕಾರದ ಭಾಷೆ. ಅದನ್ನೂ ಒಮ್ಮೆ ವಿಮರ್ಶೆಗೆ ಒಡ್ಡಬೇಕು. ಮೊದಲು ಹೆಸರುಗಳನ್ನೇ ನೋಡಿ. 2006ರಲ್ಲಿ ಭಾಗ್ಯಲಕ್ಷ್ಮಿ ಬಂತು. 2007ರಲ್ಲಿ ಮಡಿಲು ಕಿಟ್ ಬಂತು. 2009ರಲ್ಲಿ ತಾಯಿ ಭಾಗ್ಯ. 2017ರಲ್ಲಿ ರಾಜ್ಯದ್ದು ಮಾತೃಪೂರ್ಣ, ಕೇಂದ್ರದ್ದು ಮಾತೃ ವಂದನಾ. ಅಂಗನವಾಡಿಗಳಲ್ಲಿ ಸರ್ಕಾರವೇ ನಿಂತು ಸೀಮಂತ ಮಾಡಿಸುತ್ತದೆ, ಬಳೆ ತೊಡಿಸಿ ಆರತಿ ಎತ್ತಿಸುತ್ತದೆ. ಭಾಗ್ಯ ಅಂದರೇನು? ಹಣೆಯಲ್ಲಿ ಬರೆದದ್ದು. ಬರೆಯದೆ ಇದ್ದರೆ ಇಲ್ಲ, ಯಾರನ್ನೂ ಕೇಳುವ ಹಾಗಿಲ್ಲ. ವಂದನೆ ಅಂದರೇನು? ಕೈ ಮುಗಿಯುವುದು. ಕೈ ಮುಗಿಯೋದಕ್ಕೆ ಖರ್ಚಿಲ್ಲ.

ಇನ್ನು ದುಡ್ಡಿನ ಮಾತು. ಬಾಣಂತಿಗೆ ಕೊಡೋದು ಸಹಾಯಧನ. ಅವಳನ್ನು ಆಸ್ಪತ್ರೆಗೆ ಕರಕೊಂಡು ಹೋಗುವ ಆಶಾಗೆ ಪ್ರೋತ್ಸಾಹಧನ. ಅವಳ ಮಗುವಿಗೆ ಉಣ್ಣಿಸುವ ಅಂಗನವಾಡಿ ಕಾರ್ಯಕರ್ತೆಗೆ ಗೌರವಧನ. ಇಷ್ಟೊಂದು ಧನಗಳು! ನಿಘಂಟು ಹುಡುಕಿ ಹುಡುಕಿ ಇಟ್ಟ ಹಾಗಿವೆ. ಒಂದು ಪದ ಮಾತ್ರ ಎಲ್ಲೂ ಇಲ್ಲ. ಅದು ಕೂಲಿ. ಈ ಲೇಖನ ಹೇಳಬೇಕಿರೋದು ಇಷ್ಟೇ: ಹೆರಿಗೆಯ ದಿನಗಳಿಗೆ ಕೂಲಿ ಕೊಡದೆ ಬೇರೆ ಏನು ಕೊಟ್ಟರೂ ನಮ್ಮ ಕೇರಿಯ ತಾಯಿ ಕೂತು ಮಗುವಿಗೆ ಹಾಲು ಕೊಡಲಾರಳು.

ಆಗಿರುವ ಒಳ್ಳೆಯದನ್ನು ಹಗುರ ಮಾಡಿ ಮಾತಾಡುವುದು ತಪ್ಪು. ಹೆರಿಗೆ ನೋವಿಗೆ ಎತ್ತಿನ ಗಾಡಿ ಕಟ್ಟಿ, ದಾರಿಯಲ್ಲೇ ಹೆಣ ಇಳಿಸಿದ ಕತೆ ಇಲ್ಲದ ಕೇರಿ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಇದು ಸಣ್ಣ ಮಾತಲ್ಲ. ಅದರ ಹಿಂದೆ ಆ ಆಶಾ, ಅಂಗನವಾಡಿ ಹೆಣ್ಣುಮಕ್ಕಳ ಕಾಲು ಸವೆದಿವೆ. ಆದರೆ ಅದೇ ಸಮೀಕ್ಷೆಯ ಇನ್ನೊಂದು ಪುಟ ತಿರುವಿ. ಬಸುರಿಯರಲ್ಲಿ ನೂರಕ್ಕೆ ಸುಮಾರು 46 ಜನಕ್ಕೆ ರಕ್ತ ಕಡಿಮೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಅಂದರೆ ಹೆರಿಗೆಯ ಆ ಒಂದು ದಿನವನ್ನು ಸರ್ಕಾರ ಗೆದ್ದಿದೆ. ಅದರ ಹಿಂದಿನ ಒಂಬತ್ತು ತಿಂಗಳು, ಮುಂದಿನ ಎರಡು ವರ್ಷ ಸೋತಿದೆ. ಯಾಕೆ ಅಂದರೆ ಆ ದಿನ ಅವಳು ಆಸ್ಪತ್ರೆಯಲ್ಲಿದ್ದಳು, ಉಳಿದ ದಿನ ಕೂಲಿಯಲ್ಲಿದ್ದಳು.

ಆ ಕೂಲಿ ಎಂಥದು ಅಂತ ನಮ್ಮ ನಾಲ್ಕು ತಾಲ್ಲೂಕಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ನಾಟಿ ಹೆಂಗಸರ ಕೆಲಸ. ಬೆಳಗಿಂದ ಬೈಗಿನವರೆಗೆ ಬಗ್ಗಿದ ಸೊಂಟ ಎತ್ತುವ ಹಾಗಿಲ್ಲ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಹೊಗೆಸೊಪ್ಪು. ಮಂಜಿಗೋ ಮಳೆಗೋ ನೆಂದ ಹಸಿ ಸೊಪ್ಪನ್ನು ಕಂಕುಳಿಗೆ ಒತ್ತಿಕೊಂಡು ಮುರಿದು ತರಬೇಕು. ಆ ಎಲೆಯ ನಿಕೋಟಿನ್ ನೀರಿನ ಜೊತೆ ಚರ್ಮದೊಳಕ್ಕೆ ಇಳಿಯುತ್ತದೆ. ತಲೆ ಸುತ್ತುತ್ತದೆ, ವಾಂತಿ ಆಗುತ್ತದೆ. ವೈದ್ಯರು ಇದನ್ನು ಹಸಿ ತಂಬಾಕಿನ ಕಾಯಿಲೆ ಎಂದೇ ಗುರುತಿಸಿದ್ದಾರೆ. ಬಸುರಿ ವಾಂತಿ ಮಾಡಿಕೊಂಡರೆ ಬಸುರಿನದೇ ವಾಂತಿ ಅಂತ ಎಲ್ಲರೂ ಸುಮ್ಮನಾಗುತ್ತಾರೆ. ನಿಕೋಟಿನ್ ಸುಮ್ಮನಾಗುವುದಿಲ್ಲ, ತಾಯಿಯ ರಕ್ತದಿಂದ ಕೂಸಿನ ರಕ್ತಕ್ಕೆ ದಾಟುತ್ತದೆ. ಬೀಡಿ ಸೇದದ ಹೆಂಗಸಿನ ಹೊಟ್ಟೆಯಲ್ಲಿರುವ ಕೂಸು ಯಾವನೋ ಸೇದುವ ಸಿಗರೇಟಿನ ಪಾಲು ತಿನ್ನುತ್ತದೆ.

ಇದೇ ಊರುಗಳಲ್ಲಿ ಜಮೀನುಳ್ಳ ಮನೆಯ ಬಾಣಂತಿ ಮೂರು ತಿಂಗಳು ಹೊಸಿಲು ದಾಟುವುದಿಲ್ಲ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ. ಅದು ಸರಿಯೇ, ಎಲ್ಲ ತಾಯಿಗೂ ಅದು ಸಿಗಬೇಕು. ಆದರೆ ಕೇರಿಯ ಹೆಂಗಸನ್ನು ಕೇಳಿ ನೋಡಿ. "ಮೂರು ವಾರಕ್ಕೇ ನಾಟಿಗೆ ಹೋದೆ. ಕುಂತ್ರೆ ಯಾರ್ ಇಕ್ತಾರೆ ಮೇಷ್ಟ್ರೇ?" ಅಂತಾಳೆ. ಕರು ಹಾಕಿದ ಹಸುವಿಗೆ ಬೂಸಾ ಹಿಂಡಿ ಕೊಟ್ಟು ನೆರಳಲ್ಲಿ ಕಟ್ಟುವ ನಾಡು ಇದು. ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತಿನ ಹಲ್ಲು, ಸುಳಿ, ಗೊರಸು ಎಲ್ಲವನ್ನೂ ನೋಡಿ ಬೆಲೆ ಕಟ್ಟುವವರು ನಾವು. ಬಾಣಂತನ ಎನ್ನುವುದು ಮೈಯ ಅವಸ್ಥೆ ಅಂದುಕೊಂಡಿದ್ದೇವೆ. ಅಲ್ಲ, ಅದು ಜಮೀನಿನ ಅವಸ್ಥೆ. ಪಹಣಿ ಇದ್ದವಳಿಗೆ ಬಾಣಂತನ, ಇಲ್ಲದವಳಿಗೆ ಬರೀ ಹೆರಿಗೆ.

ಕಾನೂನು ಏನು ಮಾಡಿತು? 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬ್ ಅಂಬೇಡ್ಕರ್ ಎದ್ದು ನಿಂತು ಬೆಂಬಲಿಸಿದರು. ತಾಯಿಗೆ ಹೆರಿಗೆಯ ಹಿಂದೆ ಮುಂದೆ ವಿಶ್ರಾಂತಿ ಸಿಗುವುದು ನಾಡಿನ ಹಿತ, ಹಾಗಾಗಿ ಅದರ ಭಾರದ ಹೆಚ್ಚು ಪಾಲನ್ನು ಸರ್ಕಾರವೇ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆಯುವ ಧಣಿಯೂ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂಬುದು ಅವರ ವಾದ. 1929ರಲ್ಲಿ ಅದು ಕಾಯ್ದೆಯಾಯಿತು. 1961ರಲ್ಲಿ ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂತು. 1977ರಲ್ಲಿ ಕೊಯಮತ್ತೂರು ಕಡೆಯ ತೋಟದ ಕೂಲಿ ಹೆಣ್ಣುಮಗಳೊಬ್ಬಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಹೆರಿಗೆ ವಾರ ಅಂದರೆ ಏಳು ದಿನ, ಭಾನುವಾರಕ್ಕೂ ಸಂಬಳ ಕೊಡಿ ಅಂದಿತು. 2000ದ ಮಾರ್ಚ್ 8ರಂದು ದೆಹಲಿ ನಗರಪಾಲಿಕೆಯ ದಿನಗೂಲಿ ಹೆಂಗಸರಿಗೂ ಈ ಹಕ್ಕು ಇದೆ ಅಂತ ತೀರ್ಪು ಕೊಟ್ಟಿತು. 2017ರಲ್ಲಿ ಹನ್ನೆರಡು ವಾರದ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ ಆಯಿತು. ಹೋರಾಡಿದ ಕಡೆಯೆಲ್ಲ ಹಕ್ಕು ಒಂದೊಂದು ಹೆಜ್ಜೆ ಮುಂದೆ ಬಂದಿದೆ.

ಆದರೆ ಅಂಗಡಿ, ಕಛೇರಿಗಳಿಗೆ ಆ ಕಾಯ್ದೆ ಹಾಕಿದ ಹೊಸಿಲು ಹತ್ತು ಜನ ನೌಕರರು. ಅವಳು ಅಲ್ಲಿ ವರ್ಷದಲ್ಲಿ 80 ದಿನ ದುಡಿದಿರಬೇಕು. ಈ ಕಾಯ್ದೆಯನ್ನು ತನ್ನೊಳಕ್ಕೆ ಸೇರಿಸಿಕೊಂಡ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ಹೊಸಿಲು ಹಾಗೇ ಉಳಿದಿದೆ. ಇವತ್ತು ಒಬ್ಬನ ಗದ್ದೆ, ನಾಳೆ ಇನ್ನೊಬ್ಬನ ಬ್ಯಾರನ್, ನಾಡಿದ್ದು ಮೇಸ್ತ್ರಿ ಕರೆದ ಕಡೆ ಕಬ್ಬು. ಇಂಥವಳು ಯಾರ ನೌಕರಳು? ಯಾರ ಹಾಜರಿ ಪುಸ್ತಕದಲ್ಲಿ ಅವಳ 80 ದಿನ ಬರೆದಿದೆ? ಹೆಗ್ಗಡದೇವನಕೋಟೆ, ಹುಣಸೂರಿನ ಹಾಡಿಗಳಿಂದ ಜೀಪಿನಲ್ಲಿ ತುಂಬಿಕೊಂಡು ಕೊಡಗಿನ ಕಾಫಿ ತೋಟಕ್ಕೆ ಹೋಗುವ ಜೇನುಕುರುಬ ಹೆಂಗಸರದ್ದೂ ಇದೇ ಪಾಡು. 1951ರಲ್ಲೇ ಬಂದ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಲ್ಲಿ ಶಿಶುವಿಹಾರ ಇರಬೇಕು ಅಂದಿತ್ತು. ಹಾಡಿಯಿಂದ ಬಂದವಳು ತೋಟದ ಲೆಕ್ಕದಲ್ಲಿ ಇಲ್ಲ, ಜೀಪಿನವನ ಲೆಕ್ಕದಲ್ಲಿ ಇದ್ದಾಳೆ.

ಈಗ ಲೆಕ್ಕ ಮಾಡೋಣ. ಸರ್ಕಾರದ್ದೇ ಲೆಕ್ಕ. ಮಾತೃ ವಂದನಾ ಕೊಡುವುದು 5000 ರೂಪಾಯಿ. ಅದು ಶುರುವಾದ 2017-18ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 236 ರೂಪಾಯಿ. ಅಂದರೆ ಆ ವಂದನೆಯ ಬೆಲೆ 21 ದಿನದ ಕೂಲಿ. 2025-26ರಲ್ಲಿ ಆ ದಿನಗೂಲಿ 370 ರೂಪಾಯಿಗೆ ಬಂದಿತ್ತು, 5000 ಮಾತ್ರ ಅಲ್ಲೇ ನಿಂತಿತ್ತು. ಅಂದರೆ ಹದಿಮೂರೂವರೆ ದಿನ. ಕಛೇರಿಯ ಹೆಣ್ಣುಮಗಳಿಗೆ 26 ವಾರ, ಅಂದರೆ 182 ದಿನ. ಆ 182ನ್ನು 370ರಿಂದ ಗುಣಿಸಿ, 67,340 ರೂಪಾಯಿ ಆಗುತ್ತದೆ. ಕಛೇರಿಯವಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವಳೂ ಹೋರಾಡಿ ಪಡೆದದ್ದು. ಆದರೆ ಒಬ್ಬಳ ಮೈ ಸುಧಾರಿಸಲು 182 ದಿನ ಬೇಕು, ಇನ್ನೊಬ್ಬಳ ಮೈಗೆ ಹದಿಮೂರೂವರೆ ದಿನ ಸಾಕು ಎಂದು ಹೇಳುವ ವೈದ್ಯಶಾಸ್ತ್ರ ಯಾವುದು? ಅದು ವೈದ್ಯಶಾಸ್ತ್ರ ಅಲ್ಲ, ಮನುಶಾಸ್ತ್ರ.

ಈ 5000ವಾದರೂ ಎಲ್ಲರಿಗೆ ಉಂಟೇ? 2013ರ ಆಹಾರ ಭದ್ರತಾ ಕಾಯ್ದೆ, ನೌಕರಿಯಿಂದ ಇಂಥ ಸೌಲಭ್ಯ ಪಡೆಯುವವರನ್ನು ಬಿಟ್ಟು ಉಳಿದ ಪ್ರತಿ ಬಸುರಿ ಬಾಣಂತಿಗೂ 6000ಕ್ಕೆ ಕಡಿಮೆ ಇಲ್ಲದಂತೆ ಕೊಡಬೇಕು ಅಂದಿತು. 2017ರ ಯೋಜನೆ ಅದನ್ನು ಮೊದಲ ಮಗುವಿಗೆ ಮಾತ್ರ ಅಂತ ಕತ್ತರಿಸಿತು. 2022ರಿಂದ ಎರಡನೆಯದು ಹೆಣ್ಣಾದರೆ 6000 ಅಂತ ಸೇರಿಸಿತು. ಎರಡನೆಯದು ಗಂಡಾದರೆ? ಮೂರನೆಯದಾದರೆ? ಆ ಕೂಸಿನ ಹಸಿವು ಕಾಯ್ದೆಗೆ ವಿರುದ್ಧವೇ? ಪಕ್ಕದ ತಮಿಳುನಾಡು ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನಲ್ಲಿ 1987ರಲ್ಲೇ ಹೆರಿಗೆ ನೆರವು ಶುರು ಮಾಡಿತು. 2018ರ ಹೊತ್ತಿಗೆ ಅದನ್ನು ನಗದು, ಪೌಷ್ಟಿಕ ಕಿಟ್ಟು ಎಲ್ಲ ಸೇರಿ 18,000ಕ್ಕೆ ತಂದಿತ್ತು. ಅದೂ ಸಾಲದು. ಆದರೆ ಆಗುವುದಿಲ್ಲ ಎನ್ನುವವರ ಬಾಯಿಗೆ ಅದು ಉತ್ತರ.

ಊಟದ ಮಾತಿಗೆ ಬನ್ನಿ. 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದದ್ದು ನಮ್ಮದೇ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ, ನೂರು ಕೇಂದ್ರ. ಅದು ನಮಗೆ ಹೆಮ್ಮೆ. 2017ರ ಮಾತೃಪೂರ್ಣ ಅದೇ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ತಿಂಗಳಿಗೆ 25 ದಿನ ಬಿಸಿಯೂಟ, ಮೊಟ್ಟೆ, ಹಾಲು ಅಂತ ಹೇಳಿತು. ಯೋಚನೆ ಒಳ್ಳೆಯದೇ. ಮನೆಗೆ ಕೊಟ್ಟ ಕಾಳು ಎಲ್ಲರ ಹೊಟ್ಟೆ ಸೇರಿ ತಾಯಿಗೆ ಉಳಿಯುವುದಿಲ್ಲ ಎಂಬುದು ನಿಜ. ಆದರೆ ಊಟದ ಹೊತ್ತಿಗೆ ಅವಳು ಎಲ್ಲಿರುತ್ತಾಳೆ? ಎರಡು ಮೈಲಿ ಆಚೆಯ ಗದ್ದೆಯಲ್ಲಿ. ಊಟಕ್ಕೆ ಬಂದರೆ ಅರ್ಧ ದಿನದ ಕೂಲಿ ಹೋಯಿತು. ಇನ್ನು ಅಂಗನವಾಡಿ ಕೇರಿಯಲ್ಲಿದ್ದರೆ, ಅಡುಗೆ ಮಾಡುವವಳು ನಮ್ಮವಳಾಗಿದ್ದರೆ, ಊರಿನ ಬಸುರಿ ಅಲ್ಲಿ ಕೂತು ಉಣ್ಣುತ್ತಾಳೆಯೇ? ಹೆರಿಗೆ ಮಾಡಿಸುವಾಗ ಸೂಲಗಿತ್ತಿಯ ಕೈ ಬೇಕಿತ್ತು, ಹೊಕ್ಕುಳಬಳ್ಳಿ ಕತ್ತರಿಸುವ ತನಕ ಆ ಕೈಗೆ ಜಾತಿ ಇರಲಿಲ್ಲ. ಅನ್ನ ಬಡಿಸುವಾಗ ಅದಕ್ಕೆ ಜಾತಿ ಬಂದುಬಿಡುತ್ತದೆ. ಇದನ್ನು ಎದುರಿಸದ ಯೋಜನೆ ಎಷ್ಟು ಪೌಷ್ಟಿಕವಾದರೂ ಅಸ್ಪೃಶ್ಯತೆಯ ತಟ್ಟೆಯಲ್ಲೇ ಬಡಿಸುತ್ತದೆ.

ಮೇಷ್ಟ್ರುಗಳೇ, ಮೇಡಂಗಳೇ, ನಿಮಗೆ ಒಂದು ಮಾತು. ಅಂಗನವಾಡಿಯಲ್ಲಿ ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಅದಕ್ಕಿಂತ ಚಿಕ್ಕದಕ್ಕೆ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಹಾಗಾದರೆ ಆ ಕೂಸು ಎಲ್ಲಿರುತ್ತದೆ? ನಾಟಿ ಕಾಲದ, ಸೊಪ್ಪು ಮುರಿಯುವ ಕಾಲದ ನಿಮ್ಮ ಹಾಜರಿ ಪುಸ್ತಕ ತೆಗೆದು ನೋಡಿ. ಮೂರನೇ ಕ್ಲಾಸಿನ, ಐದನೇ ಕ್ಲಾಸಿನ ಹುಡುಗಿಯ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಇರುತ್ತದಲ್ಲ, ಆ ಕೂಸು ಆ ಹುಡುಗಿಯ ಕಂಕುಳಲ್ಲಿರುತ್ತದೆ. ಈ ದೇಶದ ಅತಿ ದೊಡ್ಡ ಶಿಶುವಿಹಾರ ಅಕ್ಕನ ಕಂಕುಳು. ಅದಕ್ಕೆ ಯಾವ ಧನವೂ ಇಲ್ಲ. ತಾಯಿಗೆ ಕೊಡದ ಕೂಲಿಯನ್ನು ಆ ಹುಡುಗಿ ತನ್ನ ಅಕ್ಷರದಿಂದ ತೆರುತ್ತಿದ್ದಾಳೆ. 2005ರ ಉದ್ಯೋಗ ಖಾತರಿ ಕಾಯ್ದೆ, ಕೆಲಸದ ಜಾಗದಲ್ಲಿ ಐದು ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬರನ್ನು ಇಡಬೇಕು ಅಂದಿತ್ತು. ರಾಜ್ಯ ಸರ್ಕಾರ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆಯುವುದಾಗಿ ಹೇಳಿತು. ಭಾಗ್ಯ, ವಂದನೆಗಳ ನಡುವೆ ಇದೊಂದು ಹೆಸರು ಮಣ್ಣಿನ ವಾಸನೆಯದು. ಆ ಮನೆ ನಿಮ್ಮ ಪಂಚಾಯಿತಿಯಲ್ಲಿ ಇದೆಯೇ, ಕೂಲಿಯವಳು ಹೊರಡುವ ಹೊತ್ತಿಗೆ ಬಾಗಿಲು ತೆರೆಯುತ್ತದೆಯೇ, ಅವಳು ಬರುವ ತನಕ ತೆರೆದಿರುತ್ತದೆಯೇ ಅಂತ ನೋಡುವುದು ನಮ್ಮ ಕೆಲಸ.

ದುಡ್ಡು ಯಾರು ಕೊಡಬೇಕು? ಎರಡು ಎಕರೆ ಗದ್ದೆಯ ರೈತ ಕೊಡಲಾರ, ಅವನ ಮೇಲೆ ಹೊರಿಸಿದರೆ ಬಸುರಿಯನ್ನು ಕೂಲಿಗೇ ಕರೆಯುವುದಿಲ್ಲ. ಬಾಬಾಸಾಹೇಬರ ವಾದಕ್ಕೇ ಮರಳೋಣ: ಮೊದಲು ಸರ್ಕಾರ, ಜೊತೆಗೆ ಲಾಭ ಪಡೆದವರು. ದಾರಿ ಹೊಸದೇನಲ್ಲ. 1996ರ ಕಾಯ್ದೆಯಲ್ಲಿ ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಒಂದು ರೂಪಾಯಿ ಸೆಸ್ ಹಾಕಿ ಕಟ್ಟಡ ಕಾರ್ಮಿಕರಿಗೆ ನಿಧಿ ಕಟ್ಟಿದರು, ಅದರಲ್ಲಿ ಹೆರಿಗೆ ನೆರವೂ ಉಂಟು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ತಂಬಾಕಿನ ಒಂದೊಂದು ಬೇಲನ್ನೂ ತೂಗಿ ಬರೆದುಕೊಳ್ಳುತ್ತಾರೆ. ಕೊಳ್ಳುವವರು ದೊಡ್ಡ ಕಂಪನಿಗಳು. ಕೊಳ್ಳುವವರ ಮೇಲೆ ಅಲ್ಲೇ ಒಂದು ಸೆಸ್ ಬೀಳಲಿ. ಸಕ್ಕರೆ ಕಾರ್ಖಾನೆಯ ಕಬ್ಬಿನ ತೂಕದ ಮೇಲೂ ಬೀಳಲಿ. ಎಲೆಗೆ ಲೆಕ್ಕ ಇಡಬಲ್ಲವರು ಎಲೆ ಮುರಿದವಳಿಗೂ ಲೆಕ್ಕ ಇಡಲಿ.

ಕೊನೆಗೆ ನಮ್ಮ ಮೇಲೂ ಒಂದು ವಿಮರ್ಶೆ. ನಾವು ಭೂಮಿ ಕೇಳಿದೆವು, ಹೆಂಡ ಬೇಡ ಎಂದೆವು, ವಸತಿ ಶಾಲೆ ಕೇಳಿದೆವು. ಕ್ರಾಂತಿಗೀತೆಗಳಲ್ಲಿ ತಾಯಿಯನ್ನು ಕರೆದೆವು, ಕತೆಗಳಲ್ಲಿ ಅವ್ವನನ್ನು ನೆನೆದು ಅತ್ತೆವು. ಬಾಣಂತಿಗೆ ಕೂಲಿ ಎಂಬ ಬೇಡಿಕೆಯನ್ನು ನಮ್ಮ ಕರಪತ್ರಗಳಲ್ಲಿ ಎಷ್ಟು ಸಲ ಬರೆದೆವು? ಅದು ಹೆಂಗಸರ ವಿಷಯ ಅಂತ ಬಿಟ್ಟೆವು. ಹಾಗೆ ಬಿಟ್ಟ ಜಾಗಕ್ಕೇ ಭಾಗ್ಯ ಬಂದು ಕೂತಿತು. ಮುಂದಿನ ಗ್ರಾಮಸಭೆಯಲ್ಲಿ ಒಂದೇ ಪ್ರಶ್ನೆ ಕೇಳೋಣ. ಈ ಊರಿನಲ್ಲಿ ಈ ವರ್ಷ ಹೆತ್ತ ಕೂಲಿ ಹೆಂಗಸರು ಎಷ್ಟು ಜನ? ಹೆತ್ತ ಎಷ್ಟನೇ ದಿನಕ್ಕೆ ಅವರು ಗದ್ದೆಗೆ ಇಳಿದರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಏಳೋಣ.