ಹಾಡಿನ ಲೇಖನವೂ ಕಿವಿಯ ಶಿಕ್ಷಣವೂ

ಸಂಗೀತವನ್ನು ಕಲಿಯುವುದು ಬೇರೆ. ಜನರು ಹಾಡಿಕೊಂಡು ಬಂದಿರುವ ಸಂಗೀತವನ್ನು ಶಾಸ್ತ್ರವಿಷಯವನ್ನಾಗಿ ವ್ಯಾಸಂಗ ಮಾಡುವುದು ಬೇರೆ. ಮೊದಲನೆಯದಕ್ಕೆ ಗುರುವೂ ಸಾಧನೆಯೂ ಬೇಕು. ಎರಡನೆಯದಕ್ಕೆ ಇವುಗಳ ಜೊತೆಗೆ ತನ್ನ ಕಿವಿಯನ್ನೇ ಸಂದೇಹಿಸುವ ಅಭ್ಯಾಸವೂ ಬೇಕು. ಯೂರೋಪಿನ ಪಂಡಿತರು ಹಿಂದೆ ತೌಲನಿಕ ಸಂಗೀತಶಾಸ್ತ್ರವೆಂದು ಕರೆಯುತ್ತಿದ್ದ ವಿಷಯಕ್ಕೆ ಹಾಲೆಂಡಿನ ಯಾಪ್ ಕುನ್ಸ್ಟ್ ಅವರು 1950ರ ತಮ್ಮ ಗ್ರಂಥದಲ್ಲಿ ಎತ್ನೊಮ್ಯೂಸಿಕಾಲಜಿ ಎಂಬ ಹೆಸರನ್ನು ಬಳಸಿದರು. ನಾವು ಅದನ್ನು ಜನಾಂಗ ಸಂಗೀತಶಾಸ್ತ್ರವೆನ್ನಬಹುದು. ಈ ಶಾಸ್ತ್ರವನ್ನು ಎಂ.ಎ. ತರಗತಿಯಲ್ಲಿ ಓದುವವನಿಗೆ ಮೊದಲು ಕಲಿಸತಕ್ಕದ್ದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದಕ್ಕಾಗಿ, ಈ ಶಾಸ್ತ್ರದಲ್ಲಿ ಪ್ರಸಿದ್ಧವಾದ ಒಂದು ಪ್ರಯೋಗವನ್ನು ಇಲ್ಲಿ ವಿಮರ್ಶಿಸಲು ಉದ್ದೇಶಿಸಿದ್ದೇವೆ.

ಅಮೆರಿಕದ ಜನಾಂಗ ಸಂಗೀತಶಾಸ್ತ್ರ ಸಂಘದ ಪತ್ರಿಕೆಯಲ್ಲಿ 1964ರಲ್ಲಿ ಸ್ವರಲೇಖನವನ್ನು ಕುರಿತ ಒಂದು ವಿಚಾರಗೋಷ್ಠಿಯು ಪ್ರಕಟವಾಯಿತು. ಆಫ್ರಿಕದ ದಕ್ಷಿಣ ಭಾಗದ ಹುಕ್ವೆ ಜನರ ಒಂದು ಹಾಡನ್ನು ಅದಕ್ಕಾಗಿ ಆರಿಸಿಕೊಂಡಿದ್ದರು. ಹಾಡಿನೊಡನೆ ಬಿಲ್ಲಿನ ಆಕಾರದ ಒಂಟಿತಂತಿಯ ವಾದ್ಯವೂ ನುಡಿಯುತ್ತದೆ. ನಿಕೊಲಸ್ ಇಂಗ್ಲೆಂಡ್ ಅವರ ಮುಂದಾಳ್ತನದಲ್ಲಿ ರಾಬರ್ಟ್ ಗಾರ್ಫಿಯಸ್, ಕೊಲಿನ್ಸ್ಕಿ, ಜಾರ್ಜ್ ಲಿಸ್ಟ್, ವಿಲರ್ಡ್ ರೋಡ್ಸ್ ಎಂಬ ನಾಲ್ವರು ವಿದ್ವಾಂಸರು ಆ ಒಂದೇ ಧ್ವನಿಮುದ್ರಿಕೆಯನ್ನು ಕೇಳಿ, ಬೇರೆ ಬೇರೆಯಾಗಿ ಸ್ವರಲಿಪಿಗೆ ಇಳಿಸಿದರು. ಧ್ವನಿ ಒಂದೇ, ಬರೆಹಗಳು ನಾಲ್ಕಾದುವು, ಮತ್ತು ಒಂದು ಇನ್ನೊಂದರಂತಿರಲಿಲ್ಲ.

ಇವರಲ್ಲಿ ಯಾರೂ ಕಿವಿ ಪಳಗದವರಲ್ಲ. ಹಾಗಿದ್ದರೆ ಭೇದವೇಕೆ? ಇಂಥ ವಾದ್ಯದಲ್ಲಿ ಮೂಲನಾದದೊಡನೆ ಉಪನಾದಗಳೂ ಕೇಳಿಬರುವುವು. ಯಾವುದನ್ನು ಮುಖ್ಯವೆಂದು ಹಿಡಿಯಬೇಕು, ಯಾವುದನ್ನು ಬಿಡಬೇಕು, ಲಯವನ್ನು ಎಲ್ಲಿ ವಿಭಾಗಿಸಬೇಕು ಎಂಬುದನ್ನು ಬರೆಯುವವನೇ ನಿರ್ಣಯಿಸಬೇಕಾಗುತ್ತದೆ. ಲೇಖನವು ಧ್ವನಿಯ ನೆರಳಲ್ಲ, ಕೇಳಿದವನ ತೀರ್ಪು. ಚಾರ್ಲ್ಸ್ ಸೀಗರ್ ಅವರು 1958ರಲ್ಲಿಯೇ ಸಂಗೀತಲೇಖನದಲ್ಲಿ ಎರಡು ಬಗೆಗಳನ್ನು ವಿಂಗಡಿಸಿದ್ದರು: ಹೀಗೆ ಹಾಡಬೇಕೆಂದು ವಿಧಿಸುವುದು ಒಂದು, ಹೀಗೆ ಹಾಡಿದರೆಂದು ವರ್ಣಿಸುವುದು ಮತ್ತೊಂದು. ಮೊದಲನೆಯದಕ್ಕಾಗಿ ಹುಟ್ಟಿದ ಲಿಪಿಯಿಂದ ಎರಡನೆಯ ಕೆಲಸವನ್ನು ಮಾಡಿಸಹೋದರೆ ತೊಡಕು ತಪ್ಪದು.

ಈ ಮಾತು ನಮಗೆ ದೂರದ್ದಲ್ಲ. ನಮ್ಮ ಸ್ವರಲಿಪಿಯೂ ವಿಧಾಯಕವಾದುದೇ. ಗುರುಮುಖದಿಂದ ಪಾಠವಾದವನಿಗೆ ಅದು ಜ್ಞಾಪಕ ಮಾತ್ರ. ಬರೆಯದೆ ಬಿಟ್ಟ ಗಮಕವನ್ನು ಅವನ ಕಂಠವೇ ತುಂಬಿಕೊಳ್ಳುತ್ತದೆ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಪ್ರಕಟವಾದ ಸಂಗೀತ ಸಂಪ್ರದಾಯ ಪ್ರದರ್ಶಿನಿಯಲ್ಲಿ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಕೊಟ್ಟುದು ಈ ಕೊರತೆಯನ್ನು ಬಲ್ಲವರ ಕೆಲಸ. ಆದರೆ ಕರ್ಣಾಟಕ ಸಂಗೀತದಲ್ಲಿ ಪಳಗಿದ ವಿದ್ಯಾರ್ಥಿಯು ನೀಲಗಾರರ ಹಾಡನ್ನೋ ಕಂಸಾಳೆಯವರ ಹಾಡನ್ನೋ ಕೇಳಿದೊಡನೆ ಅದಕ್ಕೊಂದು ರಾಗದ ಹೆಸರನ್ನು ಕೊಟ್ಟು, ಹೊಂದದ ಸ್ವರವನ್ನು ಅಪಸ್ವರವೆಂದು ತಿದ್ದಿ ಬರೆದರೆ, ಅವನು ಬರೆದದ್ದು ಆ ಹಾಡನ್ನಲ್ಲ, ತನ್ನ ಪಾಠವನ್ನು. ಹೀಗೆ ತಿದ್ದಿದ ಪ್ರತಿಯೇ ಗ್ರಂಥಾಲಯವನ್ನು ಸೇರಿ ಮುಂದಿನವರಿಗೆ ಪ್ರಮಾಣವಾದರೆ ನಷ್ಟವು ಸಾಮಾನ್ಯವಾದುದಲ್ಲ.

ಇದಕ್ಕೆ ಪರಿಹಾರವಾಗಿ ಎರಡು ಮತಗಳು ಹೊರಟಿರುವುವು. ಮ್ಯಾಂಟಲ್ ಹುಡ್ ಅವರು 1960ರ ತಮ್ಮ ಲೇಖನದಲ್ಲಿ ದ್ವಿಸಂಗೀತಜ್ಞತೆಯನ್ನು ಪ್ರತಿಪಾದಿಸಿದರು: ಎರಡು ಭಾಷೆಗಳನ್ನು ಬಲ್ಲವನಂತೆ ವಿದ್ಯಾರ್ಥಿಯು ತಾನು ವ್ಯಾಸಂಗ ಮಾಡುವ ಸಂಗೀತವನ್ನು ಹಾಡಲು, ನುಡಿಸಲು ಕಲಿಯಬೇಕು. ಜಪಾನಿನ ಅರಮನೆಯ ವಾದಕರು ಗಗಾಕು ಎಂಬ ತಮ್ಮ ಪ್ರಾಚೀನ ಸಂಗೀತವನ್ನೂ ಪಾಶ್ಚಾತ್ಯ ಸಂಗೀತವನ್ನೂ ಬಲ್ಲವರೆಂಬುದು ಅವರು ಕೊಟ್ಟ ನಿದರ್ಶನ. ಅಲನ್ ಮೆರಿಯಮ್ ಅವರು 1964ರ ತಮ್ಮ ಗ್ರಂಥದಲ್ಲಿ ಧ್ವನಿಯೊಂದನ್ನೇ ಹಿಡಿಯುವುದು ಸಾಲದೆಂದೂ, ಸಂಗೀತವನ್ನು ಕುರಿತು ಆ ಜನರಿಗಿರುವ ಭಾವನೆ, ಅವರ ನಡವಳಿಕೆ, ಧ್ವನಿ ಈ ಮೂರನ್ನೂ ಕೂಡಿಸಿ ನೋಡಬೇಕೆಂದೂ ವಾದಿಸಿದರು. ಹುಡ್ ಅವರ ಮಾರ್ಗವು ಕೈಗೂ ಕಂಠಕ್ಕೂ ವಿವೇಕವನ್ನು ಕೊಡುವುದು ನಿಜ. ಆದರೆ ಎರಡು ವರ್ಷದ ತರಗತಿಯಲ್ಲಿ ಬಂದ ಅಲ್ಪಪರಿಚಯವು ಪಾಂಡಿತ್ಯದ ಭ್ರಮೆಯನ್ನೂ ಹುಟ್ಟಿಸಬಹುದು. ಮೆರಿಯಮ್ ಅವರ ಮಾರ್ಗವು ದೃಷ್ಟಿಯನ್ನು ವಿಶಾಲಗೊಳಿಸುವುದು. ಅದನ್ನು ಅರೆಮನಸ್ಸಿನಿಂದ ಹಿಡಿದವನು ಹಾಡನ್ನು ಕೇಳದೆಯೇ ಹಾಡಿನ ವಿಷಯವಾಗಿ ಪ್ರಬಂಧ ಬರೆದುಬಿಡುವ ಅಪಾಯವುಂಟು. ಆದುದರಿಂದ ಇವೆರಡಕ್ಕೂ ಮೊದಲು 1964ರ ಪ್ರಯೋಗವನ್ನು ತರಗತಿಯಲ್ಲಿಯೇ ಮಾಡಿಸಬೇಕೆಂದು ನಮ್ಮ ಅಭಿಪ್ರಾಯ. ನಾಲ್ವರು ವಿದ್ಯಾರ್ಥಿಗಳು ಒಂದು ಹಾಡನ್ನು ಬರೆದು, ತಮ್ಮ ಬರೆಹಗಳನ್ನು ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಏಕೆ ಬೇರೆಯಾದೆವೆಂದು ವಿಚಾರಿಸಿಕೊಳ್ಳಲಿ. ಯಾವ ಉಪನ್ಯಾಸದಿಂದಲೂ ಬಾರದ ವಿನಯವು ಅದರಿಂದ ಬಂದೀತು.

ಆದರೂ ಆ ಪ್ರಯೋಗದಲ್ಲಿ ಒಂದು ಕೊರತೆಯಿರುವುದನ್ನು ಹೇಳಲೇಬೇಕು. ನಾಲ್ವರೂ ಧ್ವನಿಮುದ್ರಿಕೆಯನ್ನು ಕೇಳಿ ಬರೆದವರೇ ಹೊರತು ಹಾಡಿದವನ ಎದುರಿಗೆ ಕುಳಿತು ಬರೆದವರಲ್ಲ. ಯಾವ ಭೇದವು ಹಾಡನ್ನು ಕೆಡಿಸುತ್ತದೆ, ಯಾವುದು ಕೆಡಿಸದು ಎಂಬುದನ್ನು ಹಾಡುವವನೇ ಹೇಳಬೇಕು. ಯಂತ್ರವು ಎಲ್ಲ ಕಂಪನಗಳನ್ನೂ ಸಮನಾಗಿ ತೋರಿಸೀತೇ ವಿನಾ ಈ ವಿವೇಕವನ್ನು ಕೊಡಲಾರದು. ಇದಕ್ಕೆ ಉತ್ತಮವಾದ ಮೇಲ್ಪಂಕ್ತಿ ನಮ್ಮ ನಾಡಿನಲ್ಲಿಯೇ ದೊರೆಯುತ್ತದೆ. ಆರ್ನಲ್ಡ್ ಬಾಕೆ ಎಂಬ ಡಚ್ ವಿದ್ವಾಂಸರು 1938ರಲ್ಲಿ ದಕ್ಷಿಣ ಭಾರತದಲ್ಲಿ ಧ್ವನಿಮುದ್ರಣ ಮಾಡಿದ್ದರು. ಅವರ ಶಿಷ್ಯರಾದ ನಜೀರ್ ಜೈರಾಜ್‌ಭಾಯ್ ಅವರು ಏಮಿ ಕ್ಯಾಟ್ಲಿನ್ ಅವರೊಡನೆ 1984ರಲ್ಲಿ ಆ ಮುದ್ರಿಕೆಗಳ ಜಾಡನ್ನು ಹಿಡಿದು ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಮತ್ತೆ ಸಂಚರಿಸಿ, ಉಳಿದುದೆಷ್ಟು ಮಾರ್ಪಟ್ಟುದೆಷ್ಟು ಎಂದು ವಿಚಾರಿಸಿದರು. ಸಂಗ್ರಹವನ್ನು ಜನರಿಂದ ಪಡೆದ ಮೇಲೆ ಜನರ ಬಳಿಗೇ ಹಿಂದಿರುಗಬೇಕೆಂಬ ತತ್ತ್ವವು ಈ ಕಾರ್ಯದಲ್ಲಿ ಅಡಗಿದೆ.

ಎಂ.ಎ. ವಿದ್ಯಾರ್ಥಿಯ ಪ್ರಬಂಧವನ್ನು ಪರೀಕ್ಷಿಸುವವರು ಅವನು ಎಷ್ಟು ಹಾಡುಗಳನ್ನು ಕೂಡಿಹಾಕಿದನೆಂದು ಎಣಿಸುವುದಕ್ಕಿಂತ, ತಾನು ಬರೆದುದನ್ನು ಹಾಡಿದವರ ಮುಂದೆ ಹಾಡಿ ತೋರಿಸಿದನೇ, ಅವರು ತಿದ್ದಿದುದನ್ನು ಬರೆದುಕೊಂಡನೇ ಎಂದು ಕೇಳುವುದು ಮೇಲು. ಆ ತಿದ್ದುಪಡಿಗಳನ್ನು ಮುಚ್ಚಿಡದೆ ಪ್ರಬಂಧದಲ್ಲಿ ಸೇರಿಸಿರುವುದೇ ಅವನ ವ್ಯಾಸಂಗಕ್ಕೆ ಸಾಕ್ಷಿಯೆಂದು ನಾವು ಭಾವಿಸುತ್ತೇವೆ.