ಅರ್ಹತೆ ಉಂಟು, ಹಕ್ಕಿಲ್ಲ: ಭಾರತದ ಸಹಜೀಕರಣ ಕಾನೂನು

ಭಾರತದ ಪೌರತ್ವ ಕಾಯ್ದೆ 1955ರ ಡಿಸೆಂಬರ್ 30ರಂದು ಜಾರಿಗೆ ಬಂತು. ಹುಟ್ಟು, ವಂಶ, ನೋಂದಣಿ, ಸಹಜೀಕರಣ, ಹೊಸ ಭೂಪ್ರದೇಶದ ಸೇರ್ಪಡೆ ಎಂಬ ಐದು ದಾರಿಗಳಲ್ಲಿ ಪೌರತ್ವ ಸಿಗಬಹುದು ಎಂದು ಅದು ಹೇಳುತ್ತದೆ. ಭಾರತೀಯ ಮೂಲವಾಗಲಿ, ಮದುವೆಯ ನಂಟಾಗಲಿ ಇಲ್ಲದೆ ಹೊರದೇಶದಿಂದ ಬಂದು ಇಲ್ಲೇ ನೆಲೆಸಿದ ವ್ಯಕ್ತಿಗೆ ಈ ಐದರಲ್ಲಿ ಉಳಿಯುವುದು ಸಹಜೀಕರಣವೊಂದೇ. ಅದರ ವಿಧಾನ ಸೆಕ್ಷನ್ 6ರಲ್ಲಿದೆ, ಅರ್ಹತೆಗಳು ಮೂರನೇ ಅನುಸೂಚಿಯಲ್ಲಿವೆ. ಅನುಸೂಚಿಯನ್ನಷ್ಟೇ ಓದಿದವರಿಗೆ ಇದು ಉದಾರ ಕಾನೂನಾಗಿ ಕಾಣುತ್ತದೆ. ಕಾಯ್ದೆಯ ಉಳಿದ ಸೆಕ್ಷನ್‌ಗಳನ್ನೂ ಸೇರಿಸಿ ಓದಿದರೆ ಆ ಅಭಿಪ್ರಾಯ ನಿಲ್ಲುವುದಿಲ್ಲ.

ಅನುಸೂಚಿ ಕೇಳುವುದು ಹೆಚ್ಚೇನಲ್ಲ. ಅರ್ಜಿದಾರರು ವಯಸ್ಕರಾಗಿರಬೇಕು, ಒಳ್ಳೆಯ ನಡತೆಯವರಾಗಿರಬೇಕು, ಹಳೆಯ ದೇಶದ ಪೌರತ್ವ ಬಿಡಲು ಒಪ್ಪಬೇಕು, ಮುಂದೆಯೂ ಭಾರತದಲ್ಲೇ ಇರುವ ಉದ್ದೇಶ ಹೊಂದಿರಬೇಕು. ಭಾರತೀಯರಿಗೆ ತನ್ನ ಪೌರತ್ವ ಕೊಡಲು ಕಾನೂನಿನಲ್ಲೋ ರೂಢಿಯಲ್ಲೋ ತಡೆ ಇಟ್ಟಿರುವ ದೇಶದ ಪ್ರಜೆ ಅವರಾಗಿರಬಾರದು. ಆದಾಯದ ಮಿತಿಯಿಲ್ಲ. ಬ್ರಿಟನ್, ಅಮೆರಿಕಗಳಲ್ಲಿರುವಂತೆ ಇತಿಹಾಸ, ಆಡಳಿತಗಳ ಬಗ್ಗೆ ಪರೀಕ್ಷೆಯೂ ಇಲ್ಲ. ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಭಾಷೆಯ ಷರತ್ತು. ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಭಾಷೆಗಳಲ್ಲಿ ಯಾವುದಾದರೂ ಒಂದು ತಕ್ಕಮಟ್ಟಿಗೆ ಬಂದರೆ ಸಾಕು. 1955ರಲ್ಲಿ ಆ ಪಟ್ಟಿಯಲ್ಲಿ 14 ಭಾಷೆಗಳಿದ್ದವು, ಈಗ 22 ಇವೆ. ಕನ್ನಡ ಮೊದಲಿನಿಂದಲೂ ಇದೆ. ಹಿಂದಿಯ ಒಂದಕ್ಷರ ಬಾರದಿದ್ದರೂ ಬಳ್ಳಾರಿಯಲ್ಲಿ ಕಲಿತ ಕನ್ನಡದ ಬಲದ ಮೇಲೆ ಒಬ್ಬ ವಿದೇಶಿ ಭಾರತೀಯನಾಗಬಹುದು. ಭಾಷೆಯ ಹೆಸರಿನಲ್ಲಿ ರಾಷ್ಟ್ರೀಯತೆಯನ್ನು ಅಳೆಯುವ ಈ ದಿನಗಳಲ್ಲಿ ಈ ಷರತ್ತು ಯಾರ ಕಣ್ಣಿಗೂ ಬೀಳದೆ ಉಳಿದಿರುವುದೇ ಆಶ್ಚರ್ಯ.

ವಾಸದ ಅವಧಿಗೆ ಬಂದರೆ ಚಿತ್ರ ಬೇರೆ. ಮೂಲ ಕಾಯ್ದೆಯ ಪ್ರಕಾರ ಅರ್ಜಿಗೆ ಮುಂಚಿನ ಪೂರ್ತಿ 12 ತಿಂಗಳು, ಅದರ ಹಿಂದಿನ ಏಳು ವರ್ಷಗಳಲ್ಲಿ ಒಟ್ಟು ನಾಲ್ಕು ವರ್ಷ, ಹೀಗೆ ಐದು ವರ್ಷದ ವಾಸ ಸಾಕಿತ್ತು. 1986ರ ತಿದ್ದುಪಡಿ ಅದನ್ನು ಹತ್ತಕ್ಕೆ ಏರಿಸಿತು. 2003ರ ತಿದ್ದುಪಡಿ ಹನ್ನೆರಡಕ್ಕೆ ಒಯ್ದಿತು: 12 ತಿಂಗಳ ಸತತ ವಾಸ, ಅದರ ಹಿಂದಿನ 14 ವರ್ಷಗಳಲ್ಲಿ ಒಟ್ಟು 11 ವರ್ಷ. 1986ರಲ್ಲಿ ಸರ್ಕಾರ ಕೊಟ್ಟ ಕಾರಣ, ಬಾಂಗ್ಲಾದೇಶ, ಶ್ರೀಲಂಕಾ ಮುಂತಾದ ಕಡೆಗಳಿಂದ ಕದ್ದು ಬರುವವರ ಸಂಖ್ಯೆ ಹೆಚ್ಚಿದೆ ಎಂಬುದು. ಈ ತರ್ಕ ಸರಿಹೋಗುವುದಿಲ್ಲ. ಕದ್ದು ಬಂದವನಿಗೆ ವಾಸದ ಲೆಕ್ಕ ತೋರಿಸುವ ದಾಖಲೆಯೇ ಇರುವುದಿಲ್ಲ. ಅವಧಿ ಹೆಚ್ಚಿದಾಗ ಅದರ ಭಾರ ಬಿದ್ದದ್ದು ವೀಸಾ ಪಡೆದು, ಪೊಲೀಸರಲ್ಲಿ ನೋಂದಾಯಿಸಿ, ನಿಯಮದಂತೆ ಇದ್ದವರ ಮೇಲೆ.

ಆ ಹನ್ನೆರಡು ವರ್ಷ ಇರುವುದಾದರೂ ಯಾವ ಆಧಾರದ ಮೇಲೆ? ಇಲ್ಲಿ ಕಾನೂನಿನಲ್ಲಿ ದೊಡ್ಡದೊಂದು ಖಾಲಿ ಜಾಗವಿದೆ. ಬೇರೆ ಹಲವು ದೇಶಗಳಲ್ಲಿ ವೀಸಾ ಮತ್ತು ಪೌರತ್ವದ ನಡುವೆ ಕಾಯಂ ವಾಸದ ಪರವಾನಗಿ ಎಂಬ ಮೆಟ್ಟಿಲಿರುತ್ತದೆ. ಭಾರತದಲ್ಲಿ ಸಾಮಾನ್ಯ ವಿದೇಶಿಗೆ ಅದಿಲ್ಲ. ಉದ್ಯೋಗ, ವ್ಯಾಸಂಗ, ಸಂಶೋಧನೆ ಎಂದು ಉದ್ದೇಶಕ್ಕೊಂದು ವೀಸಾ. 180 ದಿನ ಮೀರಿದ ವೀಸಾ ಇದ್ದರೆ ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಯ ಬಳಿ ನೋಂದಣಿ. ಆಮೇಲೆ ಅವಧಿ ವಿಸ್ತರಣೆಗೆ ಮತ್ತೆ ಮತ್ತೆ ಅರ್ಜಿ. ಕೆಲಸ ಹೋದರೆ ವಾಸದ ಆಧಾರವೂ ಹೋಯಿತು. 2016ರಲ್ಲಿ ಕೇಂದ್ರ ಸರ್ಕಾರ ಕಾಯಂ ವಾಸದ ಸ್ಥಾನಮಾನ ಎಂಬ ಯೋಜನೆ ತಂದದ್ದು ನಿಜ. ಆದರೆ ಅದು 18 ತಿಂಗಳಲ್ಲಿ 10 ಕೋಟಿ ಅಥವಾ 36 ತಿಂಗಳಲ್ಲಿ 25 ಕೋಟಿ ರೂಪಾಯಿ ಹೂಡಿ, ವರ್ಷಕ್ಕೆ ಕನಿಷ್ಠ 20 ಭಾರತೀಯರಿಗೆ ಕೆಲಸ ಕೊಡುವ ವಿದೇಶಿ ಹೂಡಿಕೆದಾರರಿಗೆ ಮೀಸಲು. ಶಾಲೆಯಲ್ಲಿ ಪಾಠ ಹೇಳುವವರಿಗೂ ಆಸ್ಪತ್ರೆಯಲ್ಲಿ ದುಡಿಯುವವರಿಗೂ ಆ ಬಾಗಿಲು ಇಲ್ಲ.

2003ರ ತಿದ್ದುಪಡಿ ಇನ್ನೂ ಒಂದು ಕೆಲಸ ಮಾಡಿತು. ಸರಿಯಾದ ಪಾಸ್‌ಪೋರ್ಟ್ ಅಥವಾ ಪ್ರವಾಸ ದಾಖಲೆ ಇಲ್ಲದೆ ಬಂದವರನ್ನೂ, ಅನುಮತಿಸಿದ ಅವಧಿ ಮೀರಿ ಉಳಿದವರನ್ನೂ ‘ಅಕ್ರಮ ವಲಸಿಗ’ ಎಂದು ಕರೆದು, ಅಂಥವರು ನೋಂದಣಿ ಅಥವಾ ಸಹಜೀಕರಣಕ್ಕೆ ಅರ್ಜಿಯನ್ನೇ ಹಾಕದಂತೆ ಮಾಡಿತು. ಮೂವತ್ತು ವರ್ಷ ಇಲ್ಲೇ ಬಾಳಿದರೂ ಗಡಿ ದಾಟಿದ ದಿನದ ಕಾಗದವೇ ಕೊನೆಯ ಮಾತು. ಜೀವ ಉಳಿಸಿಕೊಳ್ಳಲು ಓಡಿಬಂದವರು ಪಾಸ್‌ಪೋರ್ಟ್ ಮಾಡಿಸಿಕೊಂಡು ಬರುವುದಿಲ್ಲ ಎಂಬುದು ಕಾನೂನು ಮಾಡುವವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು ಎಂಬುದಕ್ಕೆ 2019ರ ತಿದ್ದುಪಡಿಯೇ ಸಾಕ್ಷಿ. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಗಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರನ್ನು ಅದು ಅಕ್ರಮ ವಲಸಿಗರ ಪಟ್ಟಿಯಿಂದ ಹೊರತೆಗೆದು, 11 ವರ್ಷದ ಷರತ್ತನ್ನು ಐದಕ್ಕೆ ಇಳಿಸಿತು. ನಿಯಮಗಳು 2024ರ ಮಾರ್ಚ್ 11ರಂದು ಬಂದವು. ಸಿಂಧನೂರು ತಾಲ್ಲೂಕಿನ ಬಂಗಾಳಿ ಪುನರ್ವಸತಿ ಕ್ಯಾಂಪುಗಳ ಕೆಲವರಿಗೆ ಆ ವರ್ಷವೇ ಪ್ರಮಾಣಪತ್ರ ಸಿಕ್ಕಿತು. ಅವರ ಪಾಲಿಗೆ ಅದು ನಿಜವಾದ ಬಿಡುಗಡೆ. ಆದರೆ ದೇಶ ಮತ್ತು ಧರ್ಮ ಎರಡೂ ಕೂಡಿಬಂದವರಿಗಷ್ಟೇ ಈ ಸಡಿಲಿಕೆ. ತಮಿಳುನಾಡಿನ ಶಿಬಿರಗಳಲ್ಲಿರುವ ಲಂಕಾ ತಮಿಳರು ಬಹುಪಾಲು ಹಿಂದೂಗಳಾದರೂ ದೇಶದ ಕಾರಣಕ್ಕೆ ಹೊರಗುಳಿದರು. ಬೌದ್ಧರಾದ ಟಿಬೆಟನ್ನರೂ ಹಾಗೆಯೇ.

ಈ ಕಾನೂನಿನ ಗುಣದೋಷ ಎರಡೂ ಹತ್ತಿರದಿಂದ ಕಾಣುವುದು ಟಿಬೆಟನ್ನರಲ್ಲಿ. 1959ರ ನಂತರ ಬಂದವರಿಗೆ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯ ನೆಲೆಗಳು ಆಮೇಲೆ ಬಂದವು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಆ ತಲೆಮಾರು ಕಾನೂನಿನ ಪ್ರಕಾರ ಇಂದಿಗೂ ವಿದೇಶಿ. ಕೈಯಲ್ಲಿರುವುದು ನೋಂದಣಿ ಪ್ರಮಾಣಪತ್ರ, ಅಂದರೆ ಆರ್‌ಸಿ. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರ. ಹನ್ನೆರಡಲ್ಲ, ಐವತ್ತು ವರ್ಷದ ವಾಸಕ್ಕೆ ಸರ್ಕಾರದ್ದೇ ದಾಖಲೆ ಇದೆ. ಕುಶಾಲನಗರದ ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ಕನ್ನಡವೂ ಹಲವರಿಗೆ ಬರುತ್ತದೆ. ಅನುಸೂಚಿಯ ಷರತ್ತುಗಳು ಬಹುಪಾಲು ಪೂರೈಸಿದಂತೆಯೇ. ಆದರೂ ಟಿಬೆಟನ್ ನಿರಾಶ್ರಿತರಿಗೆ ಸಹಜೀಕರಣದ ಮೂಲಕ ಪೌರತ್ವ ಕೊಡದಿರುವುದು ತನ್ನ ನೀತಿ ಎಂದು ಕೇಂದ್ರ ಸರ್ಕಾರ ನ್ಯಾಯಾಲಯದಲ್ಲೇ ಹೇಳಿದೆ.

ಕೊನೆಗೆ ಅವರಲ್ಲಿ ಕೆಲವರಿಗೆ ನೆರವಾದದ್ದು ಹುಟ್ಟಿನ ನಿಯಮ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಭಾರತೀಯರು. 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದ ಟಿಬೆಟನ್ ಮಹಿಳೆಯೊಬ್ಬರ ಅರ್ಜಿಯಲ್ಲಿ ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ಇದನ್ನೇ ಎತ್ತಿಹಿಡಿಯಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಅದೇ ದಾರಿ ಹಿಡಿಯಿತು. ಪರಿಣಾಮ ವಿಚಿತ್ರ. ಬೈಲಕುಪ್ಪೆಯ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, ಎರಡು ವರ್ಷ ಕಳೆದು ಹುಟ್ಟಿದ ತಮ್ಮ, ತಂದೆತಾಯಿ ಇಬ್ಬರೂ ವಿದೇಶಿಯರಾದರೆ, ವಿದೇಶಿ. ಅಕ್ಕನಿಗೂ ಪಾಸ್‌ಪೋರ್ಟ್ ಸುಲಭವಾಗಿ ಸಿಗಲಿಲ್ಲ. 2016ರಲ್ಲಿ ದೆಹಲಿ ಹೈಕೋರ್ಟ್ ಇದನ್ನೇ ಮತ್ತೊಮ್ಮೆ ಹೇಳಬೇಕಾಯಿತು. 2017ರಲ್ಲಿ ವಿದೇಶಾಂಗ ಸಚಿವಾಲಯ ಆರ್‌ಸಿ ಒಪ್ಪಿಸಬೇಕು, ಟಿಬೆಟನ್ ನೆಲೆಯಲ್ಲಿ ವಾಸಿಸಬಾರದು ಎಂಬಂಥ ಷರತ್ತುಗಳನ್ನು ಒಡ್ಡಿತು. ಹುಟ್ಟಿನಿಂದ ಬಂದ ಪೌರತ್ವಕ್ಕೆ ಮನೆ ಬಿಡುವ ಷರತ್ತು ಯಾವ ಸೆಕ್ಷನ್‌ನಲ್ಲೂ ಇಲ್ಲ. ಭಾರತೀಯರಾದರೆ ಟಿಬೆಟಿನ ಹೋರಾಟ ಸಡಿಲವಾದೀತು ಎಂದು ಹಿಂಜರಿಯುವ ಟಿಬೆಟನ್ನರೂ ಇದ್ದಾರೆ. ಅದು ಅವರ ಆಯ್ಕೆ. ಸರ್ಕಾರದ ನಿರಾಕರಣೆಗೆ ಅದು ಸಮರ್ಥನೆಯಾಗದು.

ಇಂಥ ನೀತಿ ಸಾಧ್ಯವಾಗುವುದು ಸೆಕ್ಷನ್ 14ರಿಂದ. ಜಿಲ್ಲಾಧಿಕಾರಿಗೆ ಅರ್ಜಿ ಹಾಕಿ, ನಡತೆಗೆ ಇಬ್ಬರು ಭಾರತೀಯರಿಂದ ಪ್ರಮಾಣಪತ್ರ ತಂದು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಪೊಲೀಸ್ ವಿಚಾರಣೆ ಮುಗಿಸಿ, ಕಡತ ರಾಜ್ಯ ಸರ್ಕಾರ ದಾಟಿ ಗೃಹ ಸಚಿವಾಲಯ ತಲುಪಿದ ಮೇಲೂ ಅರ್ಜಿಯನ್ನು ಒಪ್ಪುವುದು ಬಿಡುವುದು ಕೇಂದ್ರದ ವಿವೇಚನೆಗೆ ಬಿಟ್ಟದ್ದು. ಕಾರಣ ಕೊಡಬೇಕಾಗಿಲ್ಲ, ತೀರ್ಮಾನವೇ ಅಂತಿಮ. ಪಡಿತರ ಚೀಟಿ ತಿರಸ್ಕರಿಸಿದರೂ ಕಾರಣ ಕೇಳಬಹುದಾದ ದೇಶದಲ್ಲಿ ಇದು ಕಾಯ್ದೆಯ ಅತಿ ದುರ್ಬಲ ಭಾಗ. ವಿವೇಚನೆಯ ಇನ್ನೊಂದು ಮುಖ ಸೆಕ್ಷನ್ 6ರ ವಿನಾಯಿತಿ. ವಿಜ್ಞಾನ, ತತ್ವಶಾಸ್ತ್ರ, ಕಲೆ, ಸಾಹಿತ್ಯ, ವಿಶ್ವಶಾಂತಿ ಅಥವಾ ಮಾನವ ಪ್ರಗತಿಗೆ ವಿಶೇಷ ಸೇವೆ ಸಲ್ಲಿಸಿದವರಿಗೆ ಎಲ್ಲ ಷರತ್ತುಗಳನ್ನೂ ಮನ್ನಾ ಮಾಡಬಹುದು. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ (1961), ಅರ್ಥಶಾಸ್ತ್ರಜ್ಞ ಜಾನ್ ಡ್ರೇಜ್ (2002), ಗಾಯಕ ಅದ್ನಾನ್ ಸಾಮಿ (2016) ಅವರಂಥವರು ಪೌರತ್ವ ಪಡೆದಾಗ ಸುದ್ದಿಯಾಗುತ್ತದೆ. ಹೆಸರಿಲ್ಲದವರ ಕಡತ ಎಲ್ಲಿ ನಿಂತಿದೆ ಎಂದು ಕೇಳುವವರಿಲ್ಲ.

ಪ್ರಮಾಣಪತ್ರ ಸಿಕ್ಕವರೂ ಹುಟ್ಟು ಪೌರರಿಗೆ ಪೂರ್ತಿ ಸಮನಲ್ಲ. ಸೆಕ್ಷನ್ 10ರ ಪ್ರಕಾರ ಸಹಜೀಕರಣದ ಪೌರತ್ವವನ್ನು ವಂಚನೆ, ಸಂವಿಧಾನಕ್ಕೆ ನಿಷ್ಠೆಯಿಲ್ಲದ ನಡೆಗಳಿಗಾಗಿ ಕಿತ್ತುಕೊಳ್ಳಬಹುದು. ಮೊದಲ ಐದು ವರ್ಷಗಳೊಳಗೆ ಯಾವುದೇ ದೇಶದಲ್ಲಿ ಎರಡು ವರ್ಷದ ಜೈಲು ಶಿಕ್ಷೆಯಾದರೂ, ಸತತ ಏಳು ವರ್ಷ ಹೊರದೇಶದಲ್ಲಿ ನೆಲೆಸಿದರೂ ಅದು ಹೋಗಬಹುದು. ವಂಚನೆಗೆ ಈ ಶಿಕ್ಷೆ ನ್ಯಾಯವೇ. ಆದರೆ ಇಪ್ಪತ್ತು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದರೂ ಹುಬ್ಬಳ್ಳಿಯಲ್ಲಿ ಹುಟ್ಟಿದವರ ಭಾರತೀಯ ಪಾಸ್‌ಪೋರ್ಟಿಗೆ ಧಕ್ಕೆಯಿಲ್ಲದಿರುವಾಗ, ಸಹಜೀಕೃತ ಪೌರರಿಗೆ ಮಾತ್ರ ಏಳು ವರ್ಷದ ಗಡಿ ಏಕೆ ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ. ಅಷ್ಟಿದ್ದರೂ ಈ ಸೆಕ್ಷನ್ ಅನ್ವಯಿಸುವ ಮೊದಲು ಸರ್ಕಾರ ಲಿಖಿತ ನೋಟಿಸ್ ಕೊಡಬೇಕು, ಅದರಲ್ಲಿ ಕಾರಣ ತಿಳಿಸಬೇಕು. ಪೌರತ್ವವನ್ನು ನಿರಾಕರಿಸುವಾಗ ಇಲ್ಲದ ಆ ಹೊಣೆ ಕಿತ್ತುಕೊಳ್ಳುವಾಗಲಾದರೂ ಇದೆ.